ನಮೂನೆಗಳ ಸಾಲಿನಲ್ಲಿ ಅಡಗಿದ ವ್ಯಾಕರಣ: ಕಮರಿಪೇಟೆಯ ಕನ್ನಡವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಸಾರಾಂಶ

ಕನ್ನಡ ಪಠ್ಯಗಳ ಪದರೂಪಗಳನ್ನು ಗಣಕದ ನೆರವಿನಿಂದ ಗುರುತಿಸುವ ಸಂಶೋಧನೆಗಳಲ್ಲಿ ಹಲವು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು, ಪ್ರತಿಯೊಂದು ಪದವನ್ನೂ ಆ ಪಟ್ಟಿಯೊಡನೆ ಹೋಲಿಸಿ ನೋಡುವುದು ರೂಢಿ. ಈ ಪಟ್ಟಿಯ ಅನುಕ್ರಮವನ್ನು ಕೇವಲ ತಾಂತ್ರಿಕ ಅನುಕೂಲವೆಂದು ಬಗೆದು ಪ್ರಬಂಧಗಳಲ್ಲಿ ಪ್ರಕಟಿಸದಿರುವ ಪದ್ಧತಿಯನ್ನು ಪ್ರಸ್ತುತ ಲೇಖನವು ವಿಮರ್ಶಿಸುತ್ತದೆ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಕೇಳಿಬರುವ ಧಾರವಾಡ ಕನ್ನಡದ ರೂಪಗಳನ್ನು ಆಧಾರವಾಗಿಟ್ಟುಕೊಂಡು, ಪಟ್ಟಿಯ ಅನುಕ್ರಮವು ಒಂದು ವ್ಯಾಕರಣ ಪ್ರತಿಪಾದನೆಯೇ ಆಗಿದೆಯೆಂದೂ, ಆದ್ದರಿಂದ ಅದನ್ನು ಪ್ರಕಟಿಸುವುದು ಮತ್ತು ಸಮರ್ಥಿಸುವುದು ಸಂಶೋಧಕರ ಹೊಣೆಯೆಂದೂ ನಾವು ವಾದಿಸುತ್ತೇವೆ.

ಪ್ರಮುಖ ಪದಗಳು: ರೆಗ್ಯುಲರ್ ಎಕ್ಸ್‌ಪ್ರೆಶನ್, ನಿಯಮಾನುಕ್ರಮ, ಧಾರವಾಡ ಕನ್ನಡ, ಪದರೂಪ ವಿಶ್ಲೇಷಣೆ, ಸಪ್ತಮೀ ವಿಭಕ್ತಿ

1. ಪ್ರಸ್ತಾವನೆ

ಪಠ್ಯದೊಳಗಿನ ಅಕ್ಷರಸರಣಿಗಳನ್ನು ಹುಡುಕಲು ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸಾಧನವನ್ನು ಈ ಲೇಖನದಲ್ಲಿ ‘ನಮೂನೆ’ ಎಂದು ಕರೆಯುತ್ತೇವೆ. ಇದರ ಗಣಿತ ತಳಹದಿಯನ್ನು ಹಾಕಿದವರು ಸ್ಟೀಫನ್ ಕ್ಲೀನಿ. ಅವರ ಲೇಖನ ಅಚ್ಚಾದದ್ದು 1956ರಲ್ಲಿ. ಅದನ್ನು ಪಠ್ಯಶೋಧನೆಯ ಉಪಕರಣವಾಗಿಸುವ ವಿಧಾನವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಇಂದು ಭಾಷಾವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳು ಮೊದಲು ಕಲಿಯುವ ಗಣಕ ಸಾಧನಗಳಲ್ಲಿ ಇದೂ ಒಂದು. ಒಂದೇ ನಮೂನೆಯಿಂದ ಕೆಲಸ ಮುಗಿಯುವುದು ಅಪರೂಪ. ಸಪ್ತಮಿಗೆ ಒಂದು, ಚತುರ್ಥಿಗೆ ಒಂದು, ಭೂತಕೃದಂತಕ್ಕೆ ಮತ್ತೊಂದು ಎಂಬಂತೆ ಪಟ್ಟಿ ಬೆಳೆಯುತ್ತದೆ. ಆಗ ಹುಟ್ಟುವ ಪ್ರಶ್ನೆ ಸರಳವಾದುದು: ಒಂದೇ ಪದವು ಎರಡು ಅಥವಾ ಮೂರು ನಮೂನೆಗಳಿಗೆ ಹೊಂದಿದರೆ ಯಾವುದನ್ನು ಒಪ್ಪಬೇಕು?

ಈ ಪ್ರಶ್ನೆಗೆ ಬಹುತೇಕ ಕ್ರಮವಿಧಿಗಳು ತಾವಾಗಿಯೇ ಒಂದು ಉತ್ತರವನ್ನು ಕೊಟ್ಟುಬಿಡುತ್ತವೆ. ಪಟ್ಟಿಯಲ್ಲಿ ಮೊದಲು ಹೊಂದಿದ ನಮೂನೆಯ ಹೆಸರನ್ನು ಪದಕ್ಕೆ ಹಚ್ಚಿ ಮುಂದಿನ ಪದಕ್ಕೆ ಹೋಗುತ್ತವೆ. ಬರೆದವರಿಗೆ ಅದೊಂದು ನಿರ್ಧಾರವೆಂದೇ ಅನ್ನಿಸುವುದಿಲ್ಲ. ಪ್ರಬಂಧದಲ್ಲಿ ‘ನಮೂನೆಗಳ ಮೂಲಕ ಗುರುತಿಸಲಾಯಿತು’ ಎಂಬ ಒಂದು ವಾಕ್ಯ ಉಳಿಯುತ್ತದೆ. ನಮೂನೆಗಳ ಅನುಕ್ರಮ ಉಳಿಯುವುದಿಲ್ಲ. ನಾವೂ ಇದಕ್ಕೆ ಹೊರತಲ್ಲ. ನಮ್ಮ ಸಂಶೋಧನೆಯ ದಿನಗಳಲ್ಲಿ ಇಂಥದೇ ಪಟ್ಟಿಯೊಂದನ್ನು ಹುಬ್ಬಳ್ಳಿಯ ಆಡುಮಾತಿನ ಪಠ್ಯಗಳ ಮೇಲೆ ಓಡಿಸಿ, ಅದು ಕೊಟ್ಟ ಫಲಿತವನ್ನು ಆಡುಮಾತಿನ ಲಕ್ಷಣವೆಂದು ನಂಬಿದ್ದೆವು. ಆ ಲಕ್ಷಣ ಮಾತಿನದಾಗಿರಲಿಲ್ಲ, ನಮ್ಮ ಪಟ್ಟಿಯದಾಗಿತ್ತು. ಈ ವಿಮರ್ಶೆ ಆ ತಪ್ಪಿನಿಂದಲೇ ಹೊರಟಿದೆ.

ಉದಾಹರಣೆಗಳಿಗೆ ಕಮರಿಪೇಟೆಯನ್ನು ಆಯ್ದುಕೊಳ್ಳಲು ಕಾರಣವಿದೆ. ಹುಬ್ಬಳ್ಳಿಯ ಹಳೆಯ ಪೇಟೆಗಳಲ್ಲೊಂದಾದ ಈ ಭಾಗದಲ್ಲಿ ಧಾರವಾಡ ಕನ್ನಡದ ಜೊತೆಗೆ ಎಸ್‌ಎಸ್‌ಕೆ ಸಮುದಾಯದ ಮನೆಮಾತು, ಮರಾಠಿ, ದಖನಿ ಉರ್ದು ಇವೆಲ್ಲ ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. ಶಾಲೆಯ ಕನ್ನಡವನ್ನು ಮಾದರಿಯಾಗಿಟ್ಟುಕೊಂಡು ಬರೆದ ನಮೂನೆಗಳು ಎಲ್ಲಿ ಸೋಲುತ್ತವೆ ಎಂಬುದನ್ನು ಇಂಥ ಜಾಗ ಬೇಗ ತೋರಿಸಿಕೊಡುತ್ತದೆ. ಮುಂದೆ ಬರುವ ಪದಗಳು ವಾದಕ್ಕಾಗಿ ಆಯ್ದ ನಿದರ್ಶನಗಳು. ಅವುಗಳಿಂದ ಯಾವ ಎಣಿಕೆಯನ್ನೂ ನಾವು ಮುಂದಿಡುತ್ತಿಲ್ಲ.

2. ‘ಹೊಂದುವುದು’ ಎಂದರೆ ಏನು?

ಹಲವು ನಮೂನೆಗಳನ್ನು ಒಂದು ಪಠ್ಯದೊಡನೆ ಹೋಲಿಸಲು ಕನಿಷ್ಠ ನಾಲ್ಕು ಮಾರ್ಗಗಳಿವೆ. ಮೊದಲನೆಯದು, ಮೇಲೆ ಹೇಳಿದಂತೆ, ಸಾಲಾಗಿ ನೋಡುತ್ತಾ ಮೊದಲ ಹೊಂದಿಕೆಗೆ ನಿಲ್ಲುವುದು. ಎರಡನೆಯದು, ಎಲ್ಲ ನಮೂನೆಗಳನ್ನೂ ವಿಕಲ್ಪ ಚಿಹ್ನೆಯಿಂದ ಜೋಡಿಸಿ ಒಂದೇ ದೊಡ್ಡ ನಮೂನೆಯಾಗಿಸುವುದು. ಮೂರನೆಯದು, ಯಾವುದಕ್ಕೂ ನಿಲ್ಲದೆ ಹೊಂದುವ ಎಲ್ಲ ನಮೂನೆಗಳ ಹೆಸರುಗಳನ್ನೂ ಸಂಗ್ರಹಿಸುವುದು. ನಾಲ್ಕನೆಯದು, ಒಂದು ನಮೂನೆ ಪಠ್ಯವನ್ನು ಬದಲಿಸಿದ ಮೇಲೆ ಆ ಬದಲಾದ ಪಠ್ಯವನ್ನು ಮುಂದಿನ ನಮೂನೆಗೆ ಒಪ್ಪಿಸುವುದು.

ಎರಡನೆಯ ಮಾರ್ಗದಲ್ಲಿ ಅನುಕ್ರಮದ ಪ್ರಶ್ನೆ ಇಲ್ಲವಾಗುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ. ‘ಕಮರಿಪೇಟೆಯಿಂದಲೂ’ ಎಂಬ ಪದವನ್ನು (ಿಂದ|ಿಂದಲೂ) ಎಂಬ ಜೋಡಿ ನಮೂನೆಯೊಡನೆ ಹೋಲಿಸೋಣ. ಪರ್ಲ್ ಮತ್ತು ಪೈಥಾನ್ ಭಾಷೆಗಳ ಶೋಧಕಗಳು ವಿಕಲ್ಪಗಳನ್ನು ಎಡದಿಂದ ಬಲಕ್ಕೆ ಪರೀಕ್ಷಿಸಿ ಮೊದಲು ಹೊಂದಿದ್ದನ್ನು ಒಪ್ಪುವುದರಿಂದ ‘ಿಂದ’ ಎಂಬಷ್ಟನ್ನೇ ಹಿಡಿದು ‘ಲೂ’ ಎಂಬುದನ್ನು ಬಿಟ್ಟುಕೊಡುತ್ತವೆ. ಪೋಸಿಕ್ಸ್ ಮಾನಕವನ್ನು ಅನುಸರಿಸುವ ಶೋಧಕಗಳು ಅದೇ ಸ್ಥಾನದಿಂದ ಹೊರಡುವ ಹೊಂದಿಕೆಗಳಲ್ಲಿ ಅತಿ ಉದ್ದವಾದುದನ್ನು ಒಪ್ಪುವುದರಿಂದ ‘ಿಂದಲೂ’ ಎಂಬುದನ್ನು ಹಿಡಿಯುತ್ತವೆ. ಬೆಲ್ ಪ್ರಯೋಗಶಾಲೆಯಲ್ಲಿ ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್ 1975ರಲ್ಲಿ ರೂಪಿಸಿದ ‘ಲೆಕ್ಸ್’ ಎಂಬ ಸಾಧನವು ಮೊದಲು ಉದ್ದವನ್ನು ನೋಡುತ್ತದೆ. ಉದ್ದ ಸಮನಾದಾಗ ಮಾತ್ರ ಪಟ್ಟಿಯಲ್ಲಿ ಮೊದಲಿರುವ ನಿಯಮಕ್ಕೆ ಮನ್ನಣೆ ಕೊಡುತ್ತದೆ. ಹೀಗೆ ಒಂದೇ ನಮೂನೆ, ಒಂದೇ ಪದ. ಫಲಿತ ಮಾತ್ರ ಉಪಕರಣಕ್ಕೊಂದು. ಯಾವ ಉಪಕರಣ, ಯಾವ ಆಯ್ಕೆಯ ನಿಯಮ ಎಂಬುದನ್ನು ಹೇಳದ ಪ್ರಬಂಧವನ್ನು ಓದುಗನು ಮರುಪರೀಕ್ಷೆಗೆ ಒಡ್ಡಲಾರನು.

3. ‘ಪ್ಯಾಟಿ’ ಮತ್ತು ‘ಪೇಟಿ’: ಬದಲಾವಣೆಯ ಅನುಕ್ರಮ

ನಾಲ್ಕನೆಯ ಮಾರ್ಗವನ್ನು ಮೊದಲು ಪರಿಶೀಲಿಸೋಣ. ಅನುಕ್ರಮದ ಪಾತ್ರ ಅಲ್ಲಿ ಹೆಚ್ಚು ನಿಚ್ಚಳವಾಗಿದೆ. ಮಾನಕ ಕನ್ನಡದ ‘ಪೇಟೆ’ ಧಾರವಾಡ ಕನ್ನಡದಲ್ಲಿ ‘ಪ್ಯಾಟಿ’ ಆಗುತ್ತದೆ. ‘ಬೇಳೆ’ ‘ಬ್ಯಾಳಿ’ ಆಗುತ್ತದೆ. ಇಲ್ಲಿ ಎರಡು ಬದಲಾವಣೆಗಳಿವೆ. ಒಂದು, ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಎಕಾರವಿದ್ದಾಗ ಏಕಾರವು ‘ಯಾ’ ಆಗುವುದು. ‘ಬೇಡ’ ಎಂಬುದು ‘ಬ್ಯಾಡ’ ಆಗುವುದೂ ಇದರಿಂದಲೇ. ಎರಡು, ನಾಮಪದದ ಕೊನೆಯ ಎಕಾರವು ಇಕಾರವಾಗುವುದು. ‘ಮನೆ’ ‘ಮನಿ’ ಆಗುವಂತೆ. ಮುಂದಿನ ಅಕ್ಷರದಲ್ಲಿ ಇಕಾರ, ಉಕಾರಗಳಿದ್ದರೆ ಮೊದಲ ಬದಲಾವಣೆ ಆಗುವುದಿಲ್ಲ. ‘ಬೇಲಿ’ ‘ಬೇಲಿ’ಯಾಗಿಯೇ, ‘ಕೇಳು’ ‘ಕೇಳು’ ಆಗಿಯೇ ಉಳಿಯುತ್ತವೆ. ಎರವಲು ಪದಗಳಲ್ಲಿ ವ್ಯತ್ಯಾಸಗಳಿದ್ದರೂ ಅಚ್ಚಗನ್ನಡ ಪದಗಳಲ್ಲಿ ಈ ವಿನ್ಯಾಸ ಗಟ್ಟಿಯಾಗಿದೆ.

ಈ ಎರಡನ್ನೂ ಬದಲಿಕೆಯ ನಮೂನೆಗಳಾಗಿ ಬರೆದು ಸಾಲಾಗಿ ಓಡಿಸಿದರೆ, ಮೊದಲನೆಯದು ಮೊದಲಿದ್ದಾಗ ‘ಪೇಟೆ’ಯಿಂದ ‘ಪ್ಯಾಟೆ’, ಅದರಿಂದ ‘ಪ್ಯಾಟಿ’ ಸಿದ್ಧಿಸುತ್ತದೆ. ಎರಡನೆಯದನ್ನು ಮೊದಲಿಟ್ಟರೆ ‘ಪೇಟೆ’ ತಕ್ಷಣವೇ ‘ಪೇಟಿ’ ಆಗಿಬಿಡುತ್ತದೆ. ಕೊನೆಯಲ್ಲಿ ಇಕಾರ ಬಂದಿರುವುದರಿಂದ ಏಕಾರವನ್ನು ಬದಲಿಸಬೇಕಾದ ನಮೂನೆಗೆ ಹೊಂದುವ ಸಂದರ್ಭವೇ ಉಳಿಯುವುದಿಲ್ಲ. ‘ಪೇಟಿ’ ಎಂಬುದು ಇಲ್ಲದ ಪದವಾಗಿದ್ದರೆ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಆದರೆ ಈ ಭಾಗದಲ್ಲಿ ‘ಪೇಟಿ’ ಎಂದರೆ ಪೆಟ್ಟಿಗೆ, ಹಾರ್ಮೋನಿಯಂ. ನಾಟಕ ಕಂಪನಿಗಳ ‘ಪೇಟಿ ಮಾಸ್ತರ’ರನ್ನು ಬಲ್ಲವರಿಗೆ ಇದು ಹೊಸತಲ್ಲ. ನಾವು ಹೀಗೆ ಅನುಕ್ರಮ ತಪ್ಪಿಸಿ ಪಡೆದ ‘ಕಮರಿಪೇಟಿ’ ಎಂಬ ರೂಪವನ್ನು ಓದಿ ಹೇಳಿದಾಗ, ಕಮರಿಪೇಟೆಯ ಹಿರಿಯರೊಬ್ಬರು ‘ಅದು ಯಾರ ಪೇಟಿ?’ ಎಂದು ಕೇಳಿದರು. ನಮ್ಮ ಕ್ರಮವಿಧಿಗೆ ಕಾಣದ ದೋಷ ಅವರ ಕಿವಿಗೆ ಒಂದೇ ಸಲಕ್ಕೆ ಸಿಕ್ಕಿತು.

ಇದನ್ನು ‘ಕತ್ತೆ’ ಮತ್ತು ‘ಕತ್ತಿ’ ಎಂಬ ಜೋಡಿಯೊಡನೆ ಹೋಲಿಸಬೇಕು. ಎರಡನೆಯ ಬದಲಾವಣೆಯಿಂದ ಧಾರವಾಡ ಕನ್ನಡದಲ್ಲಿ ಇವೆರಡೂ ‘ಕತ್ತಿ’ ಆಗಿ ಒಂದಾಗುತ್ತವೆ. ಪ್ರಾಣಿಯೋ ಆಯುಧವೋ ಎಂಬುದನ್ನು ಸಂದರ್ಭವೇ ಹೇಳಬೇಕು. ‘ಪೇಟೆ’ ಮತ್ತು ‘ಪೇಟಿ’ಗಳು ಮಾತ್ರ ಒಂದಾಗುವುದಿಲ್ಲ, ಏಕೆಂದರೆ ಕಳೆದುಹೋದ ಎಕಾರದ ಗುರುತನ್ನು ಮೊದಲ ಅಕ್ಷರದ ‘ಯಾ’ ಉಳಿಸಿಕೊಂಡಿದೆ. ಯಾವ ಭೇದ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಈ ಉಪಭಾಷೆಯ ಧ್ವನಿವ್ಯವಸ್ಥೆಯ ತಿರುಳು. ನಮ್ಮ ಕ್ರಮವಿಧಿಯಲ್ಲಿ ಅದನ್ನು ಹೇಳುವುದು ಎರಡು ಸಾಲುಗಳ ಹಿಂದುಮುಂದಿನ ಸ್ಥಾನ ಮಾತ್ರ. ಪಾಲ್ ಕಿಪಾರ್ಸ್ಕಿಯವರ 1968ರ ಬರಹದಿಂದೀಚೆಗೆ ನಿಯಮಗಳು ಒಂದಕ್ಕೊಂದು ಎಡೆಮಾಡಿಕೊಡುವ ಮತ್ತು ಎಡೆತಪ್ಪಿಸುವ ಸಂಬಂಧಗಳನ್ನು ನಮ್ಮ ಶಾಸ್ತ್ರ ಚರ್ಚಿಸುತ್ತಲೇ ಬಂದಿದೆ. ರೊನಾಲ್ಡ್ ಕಪ್ಲಾನ್ ಮತ್ತು ಮಾರ್ಟಿನ್ ಕೇ 1994ರಲ್ಲಿ ಇಂಥ ನಿಯಮಸಾಲುಗಳನ್ನು ನಮೂನೆಗಳ ಗಣಿತದೊಳಗೇ ವಿವರಿಸಬಹುದೆಂದು ತೋರಿಸಿದರು. ಕಿಮ್ಮೊ ಕೊಸ್ಕೆನ್ನಿಯೆಮಿಯವರ 1983ರ ದ್ವಿಸ್ತರ ಮಾದರಿಯು ಸಾಲನ್ನೇ ಕೈಬಿಟ್ಟು, ಎಲ್ಲ ನಿಯಮಗಳೂ ಮೂಲರೂಪ ಮತ್ತು ಮೇಲ್ರೂಪಗಳನ್ನು ಒಟ್ಟಿಗೇ ನೋಡುವಂತೆ ಮಾಡಿತು. ಅಲ್ಲಿ ಏಕಾರದ ನಿಯಮವು ‘ಪೇಟೆ’ಯ ಮೂಲ ಎಕಾರವನ್ನೇ ನೋಡುವುದರಿಂದ ಅನುಕ್ರಮದ ಅಗತ್ಯವಿಲ್ಲ. ಸಾಲು ಮತ್ತು ಸಮಕಾಲಿಕತೆಗಳ ನಡುವಿನ ಆಯ್ಕೆಯು ಸಿದ್ಧಾಂತದ ಆಯ್ಕೆ. ಗಣಕದ ಕಡತದಲ್ಲಿ ಅದನ್ನು ಮೌನವಾಗಿ ಮಾಡಿ ಮುಗಿಸಿದ ಮಾತ್ರಕ್ಕೆ ಅದು ಸಿದ್ಧಾಂತವಲ್ಲದೆ ಹೋಗುವುದಿಲ್ಲ.

4. ‘-ಆಗ’: ಗುರುತಿಸುವಿಕೆಯ ಅನುಕ್ರಮ

ಈಗ ಪದಗಳಿಗೆ ಹೆಸರು ಹಚ್ಚುವ ಕೆಲಸಕ್ಕೆ ಬರೋಣ. ಧಾರವಾಡ ಕನ್ನಡದ ಸಪ್ತಮೀ ಪ್ರತ್ಯಯಗಳಲ್ಲಿ ‘ಆಗ’ ಮುಖ್ಯವಾದುದು: ಊರಾಗ, ಮನ್ಯಾಗ, ಪ್ಯಾಟ್ಯಾಗ, ಮರದಾಗ. ಇದೇ ಧ್ವನಿಗಳ ‘ಆಗ’ ಎಂಬುದು ಕೃದಂತಗಳಿಗೆ ಹತ್ತಿ ಕಾಲವನ್ನೂ ಸೂಚಿಸುತ್ತದೆ: ಬಂದಾಗ, ಹೋದಾಗ. ಇವೆರಡೂ ಅಲ್ಲದೆ ‘ಾಗ’ ಎಂದು ಕೊನೆಗೊಳ್ಳುವ ಪ್ರಕೃತಿಗಳಿವೆ: ಜಾಗ, ಭಾಗ, ನಾಗ, ತ್ಯಾಗ. ಪದಾಂತ್ಯವನ್ನು ‘$’ ಚಿಹ್ನೆಯಿಂದ ಸೂಚಿಸಿ, ಸಂಶೋಧಕರೊಬ್ಬರು ಸಹಜವಾಗಿ ಬರೆಯಬಹುದಾದ ಮೂರು ನಮೂನೆಗಳನ್ನು ಕಲ್ಪಿಸಿಕೊಳ್ಳೋಣ.

ಅ) ದಾಗ$ : ಕಾಲಸೂಚಕ
ಆ) ್ಯಾಗ$ : ಇಕಾರಾಂತ ಪ್ರಕೃತಿಯ ಸಪ್ತಮಿ
ಇ) ಾಗ$ : ಇತರ ಪ್ರಕೃತಿಗಳ ಸಪ್ತಮಿ

ಮೊದಲ ಹೊಂದಿಕೆಗೆ ನಿಲ್ಲುವ ಕ್ರಮವಿಧಿಯಲ್ಲಿ ಇ-ಯನ್ನು ಮೊದಲಿಟ್ಟರೆ ಉಳಿದೆರಡು ನಮೂನೆಗಳು ಎಂದೂ ಪ್ರಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅವು ಹಿಡಿಯುವುದನ್ನೆಲ್ಲ ಇ ಮೊದಲೇ ಹಿಡಿದಿರುತ್ತದೆ. ‘ಬಂದಾಗ’ ಸಪ್ತಮಿಯಾಗುತ್ತದೆ. ವಿಶೇಷವನ್ನು ಮೊದಲಿಟ್ಟು ಸಾಮಾನ್ಯವನ್ನು ಕೊನೆಗಿಡಬೇಕೆಂಬ ಪರಿಚಿತ ಸೂತ್ರವನ್ನು ಅನುಸರಿಸಿ ಅ, ಆ, ಇ ಎಂದು ಜೋಡಿಸಿದರೆ ‘ಬಂದಾಗ’, ‘ಮನ್ಯಾಗ’, ‘ಊರಾಗ’ ಮೂರೂ ಸರಿಹೋಗುತ್ತವೆ. ಆದರೆ ‘ಮರದಾಗ’, ‘ಪುಸ್ತಕದಾಗ’ ಎಂಬ ಸಪ್ತಮೀ ರೂಪಗಳು ಕಾಲಸೂಚಕಗಳ ಗುಂಪಿಗೆ ಸೇರಿಬಿಡುತ್ತವೆ. ನಪುಂಸಕ ಅಕಾರಾಂತ ಪದಗಳಿಗೆ ಬರುವ ದಕಾರಾಗಮಕ್ಕೂ ಭೂತಕೃದಂತದ ದಕಾರಕ್ಕೂ ಈ ನಮೂನೆಯಲ್ಲಿ ಭೇದವಿಲ್ಲ. ನಾವು ಎಡವಿದ್ದು ಇಲ್ಲಿಯೇ. ಈ ಉಪಭಾಷೆಯ ಮಾತುಗಾರರು ಸ್ಥಳಸೂಚನೆಗಿಂತ ಕಾಲಸೂಚಕ ಉಪವಾಕ್ಯಗಳನ್ನು ಹೆಚ್ಚು ಬಳಸುತ್ತಾರೆಂಬ ತೀರ್ಮಾನವನ್ನು ನಾವು ಬರೆದಿದ್ದೆವು. ಗಿಡಮರಗಳೂ ಪುಸ್ತಕಗಳೂ ನಮ್ಮ ಪಟ್ಟಿಯ ಮೊದಲ ಸಾಲಿಗೆ ಸಿಕ್ಕು ಕ್ರಿಯೆಗಳಾಗಿದ್ದವು, ಅಷ್ಟೆ.

ಅ, ಆ, ಇ ಮೂರನ್ನೂ ಎಷ್ಟು ಬಗೆಯಾಗಿ ಜೋಡಿಸಿದರೂ ‘ಮರದಾಗ’ ಮತ್ತು ‘ಬಂದಾಗ’ ಎರಡೂ ಸರಿಯಾದ ಹೆಸರು ಪಡೆಯುವ ಅನುಕ್ರಮ ಸಿಗುವುದಿಲ್ಲ. ‘ಮರ’ ನಾಮಪದವೆಂದು ಹೇಳುವ ಪದಕೋಶ ಬೇಕು. ಅದನ್ನು ಸೇರಿಸಿದರೆ ಸಾಕೇ? ‘ಬರದಾಗ’ ಎಂಬ ಪದವನ್ನು ನೋಡೋಣ. ‘ಆ ಬರದಾಗ ಮಂದಿ ಊರು ಬಿಟ್ಟರು’ ಎಂಬಲ್ಲಿ ಅದು ‘ಬರ’ ಎಂಬ ನಾಮಪದದ ಸಪ್ತಮಿ. ಮಾನಕ ಕನ್ನಡದ ‘ಬರೆದಾಗ’ ಎಂಬುದೂ ಧಾರವಾಡ ಕನ್ನಡದಲ್ಲಿ ‘ಬರದಾಗ’. ‘ಬರು’ ಧಾತುವಿನ ನಿಷೇಧ ಕೃದಂತಕ್ಕೆ ‘ಆಗ’ ಸೇರಿದರೂ ‘ಬರದಾಗ’; ಆಡುಮಾತಿನಲ್ಲಿ ಈ ಅರ್ಥಕ್ಕೆ ‘ಬರಲಾರದಾಗ’ ಎಂಬುದು ಹೆಚ್ಚು ಕಿವಿಗೆ ಬಿದ್ದರೂ ಮೊದಲಿನ ರೂಪವೂ ವ್ಯಾಕರಣಬದ್ಧವೇ. ‘ಪತ್ರ ಬರದಾಗ ಭಾಳ ಬ್ಯಾಸರಾತು’ ಎಂಬ ವಾಕ್ಯದಲ್ಲಿ ಬೇಸರವಾದದ್ದು ಪತ್ರ ಬರೆದುದರಿಂದಲೋ, ಪತ್ರ ಬಾರದಿದ್ದುದರಿಂದಲೋ ಎಂಬುದನ್ನು ವಾಕ್ಯವೂ ತೀರ್ಮಾನಿಸುವುದಿಲ್ಲ; ಮಾತಿನ ಹಿನ್ನೆಲೆಯೇ ತೀರ್ಮಾನಿಸಬೇಕು. ಮಾನಕ ಬರಹದಲ್ಲಿ ಇವು ‘ಬರದಲ್ಲಿ’, ‘ಬರೆದಾಗ’, ‘ಬಾರದಾಗ’ ಎಂದು ಮೂರು ಬೇರೆ ರೂಪಗಳು. ಆದ್ದರಿಂದ ಮಾನಕ ಪಠ್ಯದ ಮೇಲೆ ನೆಟ್ಟಗೆ ನಡೆಯುವ ‘ಮೊದಲ ಹೊಂದಿಕೆ’ಯ ವಿಧಾನವು ಕಮರಿಪೇಟೆಯ ಮಾತಿನ ಮೇಲೆ ಸೋಲುವುದು ಆಕಸ್ಮಿಕವಲ್ಲ. ಒಂದು ಪದಕ್ಕೆ ಒಂದೇ ಹೆಸರೆಂಬ ಊಹೆಯನ್ನು ಅದು ಮಾನಕ ಕನ್ನಡದ ಬರಹದಿಂದ ಎರವಲು ತಂದಿದೆ.

ಇಲ್ಲಿ ನೈತಿಕ ಪ್ರಶ್ನೆಯೂ ಇದೆ. ಯಾವ ನಮೂನೆಗೂ ಹೊಂದದ ಪದಗಳನ್ನು ನಾವು ಒಂದು ಪ್ರತ್ಯೇಕ ಕಡತಕ್ಕೆ ತಳ್ಳಿ ‘ಉಳಿಕೆ’ ಎಂದು ಹೆಸರಿಡುತ್ತೇವೆ. ನಮೂನೆಗಳು ಮಾನಕ ಕನ್ನಡದವಾದರೆ ಆ ಉಳಿಕೆಯಲ್ಲಿ ತುಂಬುವುದು ಬೆರಳಚ್ಚಿನ ತಪ್ಪುಗಳಷ್ಟೇ ಅಲ್ಲ. ‘ಪ್ಯಾಟ್ಯಾಗ’, ‘ಮ್ಯಾಲ’, ‘ನನಗ’ ಮೊದಲಾದ ಮಾತುಗಳೂ, ಬೇರೆ ಮನೆಮಾತಿನ ಪದಗಳಿಗೆ ಕನ್ನಡ ಪ್ರತ್ಯಯ ಹತ್ತಿದ ರೂಪಗಳೂ ಅಲ್ಲಿ ಬಂದು ಬೀಳುತ್ತವೆ. ಬೇಂದ್ರೆಯವರ ಕಾವ್ಯದಲ್ಲಿ ಗೌರವ ಪಡೆದ ಭಾಷಾರೂಪವು ನಮ್ಮ ಕಡತದಲ್ಲಿ ದೋಷವೆಂದು ಎಣಿಕೆಯಾಗುತ್ತದೆ. ಉಳಿಕೆಯನ್ನು ಓದದೆ ಎಸೆದವರು ಯಾರ ಮಾತನ್ನು ಎಸೆದೆವೆಂಬುದನ್ನು ತಿಳಿಯುವುದಿಲ್ಲ.

5. ಲಿಪಿ ಒಡ್ಡುವ ತೊಡಕುಗಳು

ಅನುಕ್ರಮದ ಸಮಸ್ಯೆಯನ್ನು ಕನ್ನಡ ಲಿಪಿಯ ಸಂಕೇತ ವ್ಯವಸ್ಥೆ ಇನ್ನಷ್ಟು ಜಟಿಲಗೊಳಿಸುತ್ತದೆ. ಯೂನಿಕೋಡ್‌ನಲ್ಲಿ ‘ಕಮರಿಪೇಟೆ’ ಎಂಬುದು ಓದುಗನಿಗೆ ಕಾಣುವ ಐದು ಅಕ್ಷರಗಳಲ್ಲ, ಎಂಟು ಸಂಕೇತಬಿಂದುಗಳು: ಐದು ವ್ಯಂಜನಗಳು ಮತ್ತು ಮೂರು ಸ್ವರಚಿಹ್ನೆಗಳು. ಪೈಥಾನ್ ಭಾಷೆಯೊಡನೆ ಬರುವ ಮೂಲ ನಮೂನಾ ಘಟಕದಲ್ಲಿ ‘ಪದಾಕ್ಷರ’ ಎಂಬ ವರ್ಗಕ್ಕೆ ಸ್ವರಚಿಹ್ನೆಗಳೂ ವಿರಾಮಚಿಹ್ನೆಯೂ ಸೇರುವುದಿಲ್ಲ. ಆ ವರ್ಗವನ್ನು ನಂಬಿ ಪದಗಳನ್ನು ಬಿಡಿಸಿದರೆ ‘ಕಮರಿಪೇಟೆ’ಯು ‘ಕಮರ’, ‘ಪ’, ‘ಟ’ ಎಂಬ ಮೂರು ಪದಗಳಾಗಿ ಒಡೆಯುತ್ತದೆ. ಯೂನಿಕೋಡ್ ಸಂಸ್ಥೆಯ 18ನೆಯ ತಾಂತ್ರಿಕ ಮಾನಕವು ಇಂಥ ಚಿಹ್ನೆಗಳನ್ನು ಪದಾಕ್ಷರಗಳಲ್ಲಿ ಸೇರಿಸಬೇಕೆಂದು ಸೂಚಿಸಿದ್ದರೂ ಎಲ್ಲ ಉಪಕರಣಗಳೂ ಅದನ್ನು ಪಾಲಿಸುತ್ತಿಲ್ಲ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ಗೆ’ ಎಂಬುದರ ಸಂಕೇತಸರಣಿ ‘ಗ’ ಎಂಬುದರಿಂದಲೇ ಆರಂಭವಾಗುತ್ತದೆ. ಧಾರವಾಡ ಕನ್ನಡದ ‘ನನಗ’, ‘ನಿನಗ’ ಎಂಬ ಚತುರ್ಥೀ ರೂಪಗಳಿಗೆಂದು ‘ಗ’ ನಮೂನೆಯನ್ನು ಸೇರಿಸಿ, ಅದನ್ನು (ಗ|ಗೆ) ಎಂದು ಮೊದಲಿಟ್ಟು, ಪದಾಂತ್ಯ ಚಿಹ್ನೆಯನ್ನು ಮರೆತರೆ, ಎಡವಿಕಲ್ಪವನ್ನು ಒಪ್ಪುವ ಶೋಧಕವು ‘ನನಗೆ’ ಎಂಬಲ್ಲಿಯೂ ‘ಗ’ವನ್ನೇ ಹಿಡಿದು ಎಕಾರದ ಚಿಹ್ನೆಯನ್ನು ಅನಾಥವಾಗಿ ಬಿಡುತ್ತದೆ. ಮಾನಕದ ಪಟ್ಟಿಗೆ ಉಪಭಾಷೆಯ ಒಂದು ಸಾಲನ್ನು ಸೇರಿಸಿದರಾಯಿತು ಎಂಬ ಪರಿಹಾರ ಸಾಕಾಗುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಸೇರಿಸಿದ ಸಾಲು ಇಡೀ ಪಟ್ಟಿಯ ನಡವಳಿಕೆಯನ್ನು ಬದಲಿಸುತ್ತದೆ. ಇದಕ್ಕೆ ವಿರುದ್ಧವಾಗಿ, ‘ಅ’ ಸ್ವರಕ್ಕೆ ವ್ಯಂಜನದ ಮೇಲೆ ಯಾವ ಸಂಕೇತವೂ ಇಲ್ಲ. ‘ಬೇಡ’ದ ಕೊನೆಯ ಅಕಾರವನ್ನು ನಮೂನೆಯಲ್ಲಿ ಹೇಳಬೇಕಾದರೆ ‘ಮುಂದೆ ಯಾವ ಚಿಹ್ನೆಯೂ ಇಲ್ಲದ ವ್ಯಂಜನ’ ಎಂದು ಅಭಾವದ ಮೂಲಕವೇ ಹೇಳಬೇಕಾಗುತ್ತದೆ.

ಮೂರನೆಯದು ಪ್ರತ್ಯಯದ ಗಡಿ. ‘ಪ್ಯಾಟಿ’ ಮತ್ತು ‘ಆಗ’ ಸೇರಿ ‘ಪ್ಯಾಟ್ಯಾಗ’ ಆದಾಗ ಪ್ರಕೃತಿ ಮುಗಿದು ಪ್ರತ್ಯಯ ತೊಡಗುವ ಗಡಿ ‘ಟ್ಯಾ’ ಎಂಬ ಒಂದೇ ಅಕ್ಷರದ ಒಳಗಿದೆ. ಇಕಾರವು ಯಕಾರವಾಗುವ ಯಣ್ ಸಂಧಿಯನ್ನು ಶಾಲೆಯ ವ್ಯಾಕರಣಗಳು ಸಂಸ್ಕೃತ ಸಂಧಿಯೆಂದು ಪ್ರತ್ಯೇಕಿಸುತ್ತವೆ. ಮಾನಕ ಕನ್ನಡದಲ್ಲಿ ‘ಮನೆಯಲ್ಲಿ’ ಎಂಬಂತೆ ಇಲ್ಲಿ ಯಕಾರಾಗಮವೇ ನಿಯಮ. ‘ಮನ್ಯಾಗ’, ‘ಪ್ಯಾಟ್ಯಾಗ’ ಎಂಬ ದೈನಂದಿನ ರೂಪಗಳು ಆ ವಿಭಜನೆಯನ್ನು ಮೀರಿವೆ. ಲಿಪಿಯ ಮೇಲೆಯೇ ನಮೂನೆಗಳನ್ನು ಓಡಿಸುವವರಿಗೆ ಈ ಗಡಿಯನ್ನು ಕತ್ತರಿಸಲು ಜಾಗವೇ ಸಿಗುವುದಿಲ್ಲ. ಪಠ್ಯವನ್ನು ಮೊದಲು ಪ್-ಯ್-ಆ-ಟ್-ಯ್-ಆ-ಗ್-ಅ ಎಂಬಂತೆ ಧ್ವನಿಸರಣಿಗೆ ಬಿಡಿಸಿಕೊಂಡು, ಅದರ ಮೇಲೆ ನಮೂನೆಗಳನ್ನು ಬರೆಯುವುದು ಕ್ಷೇಮ. ಐಎಸ್‌ಒ 15919 ಮಾನಕದ ಲಿಪ್ಯಂತರವೂ ಈ ಕೆಲಸಕ್ಕೆ ಒದಗುತ್ತದೆ. ಆಗ ಅಕಾರಕ್ಕೂ ಸಂಕೇತ ಸಿಗುತ್ತದೆ, ‘ಗ’ ಮತ್ತು ‘ಗೆ’ಗಳ ನಡುವಿನ ಪೂರ್ವಪದ ಸಂಬಂಧವೂ ಅಳಿಯುತ್ತದೆ.

6. ಹಳೆಯ ವ್ಯಾಕರಣಗಳು ಕಂಡಿದ್ದ ಪ್ರಶ್ನೆ

ನಿಯಮಗಳು ಪರಸ್ಪರ ಸ್ಪರ್ಧಿಸಿದಾಗ ಯಾವುದು ಗೆಲ್ಲಬೇಕು ಎಂಬ ಪ್ರಶ್ನೆಯನ್ನು ನಮ್ಮ ವ್ಯಾಕರಣ ಪರಂಪರೆ ಗಣಕಗಳಿಗಿಂತ ಬಹಳ ಮೊದಲೇ ಎದುರಿಸಿದೆ. ಪಾಣಿನಿಯ ಅಷ್ಟಾಧ್ಯಾಯಿಯ 1.4.2ನೆಯ ಸೂತ್ರವು ಇಂಥ ವಿರೋಧದ ಪರಿಹಾರಕ್ಕೆಂದೇ ಇದೆ. ಅದರಲ್ಲಿನ ‘ಪರ’ ಎಂಬ ಪದವನ್ನು ಗ್ರಂಥದಲ್ಲಿ ನಂತರ ಬರುವ ಸೂತ್ರವೆಂದು ಪರಂಪರೆ ಅರ್ಥೈಸಿತು. ಪದದ ಬಲಭಾಗಕ್ಕೆ ಅನ್ವಯಿಸುವ ಸೂತ್ರವೆಂದು ಅರ್ಥೈಸಬೇಕೆಂದು ರಿಷಿ ರಾಜ್‌ಪೋಪಟ್ ಕೇಂಬ್ರಿಜ್‌ನ ತಮ್ಮ ಪ್ರಬಂಧದಲ್ಲಿ ವಾದಿಸಿದ್ದು 2022ರಲ್ಲಿ ವ್ಯಾಪಕ ಚರ್ಚೆಗೆ ಬಂತು. ಯಾವ ಪಕ್ಷ ಸರಿಯೆಂಬುದು ಇಲ್ಲಿ ನಮ್ಮ ವಿಷಯವಲ್ಲ. ಅನುಕ್ರಮವನ್ನು ಕುರಿತ ಒಂದು ಪದದ ಅರ್ಥಕ್ಕಾಗಿ ಎರಡು ಸಾವಿರ ವರ್ಷಗಳಿಗೂ ಮೀರಿ ವಾದ ನಡೆಯಲು ಸಾಧ್ಯವಾದದ್ದು ಆ ಅನುಕ್ರಮ ಬಹಿರಂಗವಾಗಿ ನಮ್ಮ ಮುಂದಿರುವುದರಿಂದ ಎಂಬುದನ್ನಷ್ಟೇ ಗಮನಿಸಬೇಕು.

ಉತ್ಸರ್ಗವನ್ನು ಅಪವಾದವು ಬಾಧಿಸುತ್ತದೆ ಎಂಬ ತತ್ತ್ವವನ್ನು ಕಿಪಾರ್ಸ್ಕಿ 1973ರಲ್ಲಿ ಆಧುನಿಕ ಧ್ವನಿಶಾಸ್ತ್ರಕ್ಕೆ ತಂದರು. ವಿಶೇಷ ನಮೂನೆಯನ್ನು ಮೊದಲಿಡಿ ಎಂಬ ಕ್ರಮವಿಧಿಕಾರರ ಕಿವಿಮಾತು ಅದೇ ತತ್ತ್ವ. ಕನ್ನಡಕ್ಕೆ ಬಂದರೆ, 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಸಂಧಿ ಪ್ರಕರಣದಲ್ಲಿ ಸಂಧಿಯ ವಿಧಿಗಳ ಜೊತೆಗೇ ಸಂಧಿಯಾಗದ ಸಂದರ್ಭಗಳನ್ನೂ ಪ್ರಯೋಗಸಹಿತ ಹೇಳುತ್ತಾನೆ. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ವ್ಯಾಕರಣವನ್ನು ಬರೆದು, ಅವಕ್ಕೆ ತಾನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ರಚಿಸಿದನು. ಸೂತ್ರವನ್ನು ಕೊಟ್ಟರಷ್ಟೇ ಸಾಲದು, ಅದು ಎಲ್ಲಿ ಹೇಗೆ ನಡೆಯುತ್ತದೆಂದು ವಿವರಿಸಬೇಕೆಂಬ ಶಿಸ್ತು ಅಲ್ಲಿದೆ. ಸಂಕ್ಷಿಪ್ತ ಚಿಹ್ನೆಗಳಲ್ಲಿ ಬರೆದ ನಮ್ಮ ನಮೂನೆಗಳು ಒಂದರ್ಥದಲ್ಲಿ ಸೂತ್ರಗಳೇ. ನಾವು ವೃತ್ತಿಯಿಲ್ಲದ, ಕೆಲವೊಮ್ಮೆ ಸೂತ್ರಪಾಠವೂ ಇಲ್ಲದ ವ್ಯಾಕರಣಗಳನ್ನು ಪ್ರಕಟಿಸುತ್ತಿದ್ದೇವೆ.

7. ಕೆಲವು ಆಕ್ಷೇಪಗಳು

ನರಜಾಲ ಮಾದರಿಗಳ ಕಾಲದಲ್ಲಿ ನಮೂನೆಗಳ ಚರ್ಚೆ ಹಳತಾಯಿತೆಂಬ ಆಕ್ಷೇಪ ಬರಬಹುದು. ಅಂಥ ಮಾದರಿಗಳಿಗೆ ಹೆಸರು ಹಚ್ಚಿದ ಪಠ್ಯ ಬೇಕು. ಕನ್ನಡದಂಥ ಭಾಷೆಯಲ್ಲಿ ಆ ಹೆಸರುಗಳನ್ನು ಮೊದಲ ಸುತ್ತಿನಲ್ಲಿ ನಮೂನೆಗಳಿಂದ ಹಚ್ಚಿದರೆ ಪಟ್ಟಿಯ ಅನುಕ್ರಮದ ದೋಷವನ್ನು ಮಾದರಿಯು ಭಾಷೆಯ ಲಕ್ಷಣವೆಂದೇ ಕಲಿಯುತ್ತದೆ. ಆಗ ದೋಷದ ಮೂಲವನ್ನು ಹುಡುಕುವುದು ಇನ್ನೂ ಕಷ್ಟ. ನಮೂನೆಗಳ ಪಟ್ಟಿಯನ್ನು ಓದಬಹುದು, ಮಾದರಿಯ ತೂಕಗಳನ್ನು ಹಾಗೆ ಓದಲಾಗದು.

ಎಲ್ಲ ಹೊಂದಿಕೆಗಳನ್ನೂ ಸಂಗ್ರಹಿಸಿದರೆ ಕ್ರಮವಿಧಿ ನಿಧಾನವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಥಾಂಪ್ಸನ್ ವಿಧಾನವನ್ನು ಅನುಸರಿಸುವ ಶೋಧಕಗಳಲ್ಲಿ ಒಂದು ನಿಶ್ಚಿತ ಪಟ್ಟಿಗೆ ತಗಲುವ ಕಾಲವು ಪಠ್ಯದ ಉದ್ದಕ್ಕೆ ಅನುಪಾತವಾಗಿಯೇ ಬೆಳೆಯುತ್ತದೆ. ಗೂಗಲ್ 2010ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ‘ಆರ್‌ಇ2’ ಗ್ರಂಥಾಲಯದಲ್ಲಿ ಹಲವು ನಮೂನೆಗಳ ಸಮೂಹವನ್ನು ಒಟ್ಟಿಗೆ ಪಠ್ಯದ ಮೇಲೆ ಓಡಿಸಿ, ಯಾವ ಯಾವ ನಮೂನೆಗಳು ಹೊಂದಿದವೆಂದು ತಿಳಿಸುವ ಸೌಲಭ್ಯವಿದೆ. ಮುಂದಿನ ಚಿಹ್ನೆಯ ಅಭಾವವನ್ನು ಇಣುಕಿ ನೋಡುವ ಬಗೆಯ ನಮೂನೆಗಳಿಗೆ ಅದರಲ್ಲಿ ಅವಕಾಶವಿಲ್ಲ. ಧ್ವನಿಸರಣಿಯ ಮೇಲೆ ಕೆಲಸ ಮಾಡುವವರಿಗೆ ಆ ಅಗತ್ಯವೂ ಅಷ್ಟಾಗಿ ಇರುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಎಲ್ಲ ಹೊಂದಿಕೆಗಳನ್ನೂ ಉಳಿಸಿಕೊಂಡರೆ ಸಂದಿಗ್ಧತೆಯ ರಾಶಿಯಲ್ಲಿ ಸಂಶೋಧಕನು ಮುಳುಗುವುದಿಲ್ಲವೇ? ಕೊನೆಗೆ ಒಂದು ಆಯ್ಕೆ ಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಪದಕೋಶವನ್ನೋ ವಾಕ್ಯಸಂದರ್ಭವನ್ನೋ ಆಧರಿಸಿ ನಂತರದ ಹಂತದಲ್ಲಿ ಮಾಡುವ ಆಯ್ಕೆಗೂ, ಸಾಲಿನಲ್ಲಿ ಯಾವುದು ಮೊದಲು ಬಂತೆಂಬುದರಿಂದ ತನ್ನಷ್ಟಕ್ಕೆ ಆಗಿಹೋಗುವ ಆಯ್ಕೆಗೂ ವ್ಯತ್ಯಾಸವಿದೆ. ಮೊದಲನೆಯದನ್ನು ಪ್ರಶ್ನಿಸಬಹುದು. ಎರಡನೆಯದು ಆಯ್ಕೆಯೆಂದು ಗೊತ್ತಾಗುವುದೇ ಇಲ್ಲ.

8. ಉಪಸಂಹಾರ

ನಮೂನೆಗಳನ್ನು ಬಳಸುವ ಕನ್ನಡ ಸಂಶೋಧನೆಗಳಿಂದ ನಾಲ್ಕು ಸಂಗತಿಗಳನ್ನು ಪರೀಕ್ಷಕರೂ ಸಂಪಾದಕರೂ ಕೇಳಬೇಕೆಂದು ನಾವು ಸೂಚಿಸುತ್ತೇವೆ. ಒಂದು, ನಮೂನೆಗಳ ಪೂರ್ಣ ಪಟ್ಟಿಯನ್ನು ಬಳಸಿದ ಅನುಕ್ರಮದಲ್ಲಿಯೇ, ಉಪಕರಣ ಮತ್ತು ಆಯ್ಕೆಯ ನಿಯಮಗಳ ಸಹಿತ ಪ್ರಕಟಿಸಬೇಕು. ಎರಡು, ಪಟ್ಟಿಯನ್ನು ‘ಎಲ್ಲ ಹೊಂದಿಕೆ’ಯ ಮಾರ್ಗದಲ್ಲಿಯೂ ಒಮ್ಮೆ ಓಡಿಸಿ, ಒಂದಕ್ಕಿಂತ ಹೆಚ್ಚು ಹೆಸರು ಪಡೆದ ಪದಗಳನ್ನು ಪ್ರತ್ಯೇಕವಾಗಿ ತೋರಿಸಬೇಕು, ‘ಬರದಾಗ’ ಎಂಬಂಥ ಪದಗಳು ಅಲ್ಲಿ ಸಿಗುತ್ತವೆ. ಮೂರು, ಪಠ್ಯವನ್ನು ಬದಲಿಸುವ ನಮೂನೆಗಳಿದ್ದರೆ ಸಾಲನ್ನು ತಿರುವಿ ಓಡಿಸಿ, ಯಾವ ರೂಪಗಳು ಬದಲಾದವೆಂದು ವರದಿ ಮಾಡಬೇಕು. ‘ಪ್ಯಾಟಿ’ ‘ಪೇಟಿ’ಯಾಗುವುದು ಆಗ ಕಾಣುತ್ತದೆ. ನಾಲ್ಕು, ಉಳಿಕೆಯ ಕಡತವನ್ನು ಎಸೆಯದೆ ದತ್ತಾಂಶದ ಭಾಗವಾಗಿ ಇಡಬೇಕು, ಮತ್ತು ಅದನ್ನು ಆ ಮಾತನ್ನಾಡುವವರೊಡನೆ ಕುಳಿತು ಓದಬೇಕು.

ಇವುಗಳಲ್ಲಿ ಮೊದಲ ಮೂರಕ್ಕೆ ಒಂದು ದಿನದ ಗಣಕಕಾರ್ಯ ಸಾಕು. ನಾಲ್ಕನೆಯದಕ್ಕೆ ಕಮರಿಪೇಟೆಯಂಥ ಓಣಿಗಳಿಗೆ ಹೋಗಬೇಕಾಗುತ್ತದೆ. ನಮ್ಮ ಹಳೆಯ ಪಟ್ಟಿಯನ್ನು ನಾವು ಈಗ ಅದರ ಅನುಕ್ರಮ ಸಹಿತ ಮತ್ತೆ ತೆರೆದಿದ್ದೇವೆ. ಕಾಲಸೂಚಕ ಉಪವಾಕ್ಯಗಳನ್ನು ಕುರಿತ ನಮ್ಮ ಹಿಂದಿನ ತೀರ್ಮಾನವನ್ನು ಈ ಲೇಖನದ ಮೂಲಕ ಹಿಂತೆಗೆದುಕೊಳ್ಳುತ್ತೇವೆ.